ವಾಕ್ಯದ ಕೊನೆಗೊಂದು ಕಂಪ್ರೆಸರ್

ಅತಿಥಿ ಶಿಕ್ಷಕಿಯ ಕೆಲಸ ಆ ವರ್ಷ ನನಗೆ ಮತ್ತೆ ಸಿಗಲಿಲ್ಲ. ಶಿರಸಿಯಿಂದ ಕಾನಸೂರಿಗೆ ದಿನಾ ಬಸ್ಸಿನಲ್ಲಿ ನೇತಾಡುವುದು ತಪ್ಪಿತಲ್ಲ ಎಂದು ಮನೆಯವರು ಸಮಾಧಾನ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಅಷ್ಟರಲ್ಲಿ ಯಲ್ಲಾಪುರದಲ್ಲಿರುವ ಕಾಲೇಜು ಗೆಳತಿ ಫೋನು ಮಾಡಿದಳು. ಕನ್ನಡ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುವವರು ಅವಳ ಕಂಪನಿಗೆ ಬೇಕಂತೆ, ಒಂದು ಅಧ್ಯಾಯ ಓದಿ ಕಳಿಸು ಎಂದಳು. ಕಳಿಸಿದೆ. ‘ದನಿ ಚೆನ್ನಾಗಿದೆ, ಆದರೆ ವಾಕ್ಯಗಳ ಕೊನೆ ಕೇಳಿಸುತ್ತಿಲ್ಲ. ಇನ್ನೊಮ್ಮೆ ಕಳಿಸಿ, ಅದೇ ಕೊನೆಯ ಅವಕಾಶ’ ಎಂದು ಉತ್ತರ ಬಂತು.

ನನಗೆ ಮೈಯೆಲ್ಲ ಉರಿಯಿತು. ಅಷ್ಟು ವರ್ಷ ಪಾಠ ಮಾಡಿದವಳ ದನಿ ಇವರಿಗೆ ಕೇಳಿಸುವುದಿಲ್ಲವಂತೆ! ತರಗತಿಯಲ್ಲಿ ಒಂದು ಮಗುವೂ ಹಾಗೆ ದೂರಿರಲಿಲ್ಲ. ನಾನು ‘ಈ ನದಿಯ ಹೆಸರು ಶಾಲ್ಮ...’ ಎಂದು ನಿಲ್ಲಿಸಿದರೆ ಸಾಕು, ಉಳಿದದ್ದನ್ನು ಮಕ್ಕಳೇ ಒಕ್ಕೊರಲಿನಿಂದ ಮುಗಿಸುತ್ತಿದ್ದರು. ಕಂಪನಿಯವರು ಮುಗಿಸುವುದಿಲ್ಲವಲ್ಲ.

“ನಿನ್ ದನಿಗೆ ಒಂದು ಕಂಪ್ರೆಸರ್ ಹಾಕು ಮಾರಾಯ್ತಿ, ಎಲ್ಲ ಸರಿ ಆಗ್ತು” ಎಂದಳು ಗೆಳತಿ. ಸ್ಪೀಕರಿನಲ್ಲಿ ಕೇಳಿಸಿಕೊಂಡ ನಮ್ಮನೆಯವರು ಪೇಪರಿನಿಂದ ತಲೆ ಎತ್ತಿ, “ಎಂತ, ಫ್ರಿಜ್ಜು ಹಾಳಾಯ್ದಾ?” ಎಂದು ಕೇಳಿದರು.

ಹಾಗೆ ಶುರುವಾಯಿತು ದನಿ ತಿದ್ದುವ ಸಾಫ್ಟ್‌ವೇರಿಗಾಗಿ ನನ್ನ ಹುಡುಕಾಟ. ಸೀರೆ ಅಂಗಡಿಯಲ್ಲಿಯೂ ನಾನು ಅಷ್ಟು ಆರಿಸಿದವಳಲ್ಲ. ಮೊದಲು ಹಾಕಿಕೊಂಡದ್ದು ಪುಕ್ಕಟೆಯದು. ನೋಡಲು ಹಳೆಯ ರೇಡಿಯೋ ರಿಪೇರಿ ಅಂಗಡಿಯ ಹಾಗಿದ್ದರೂ ಹೇಳಿದ್ದನ್ನು ಮಾಡುತ್ತಿತ್ತು. ಎರಡನೆಯದು ತಿಂಗಳ ಬಾಡಿಗೆಯದು. ತೆರೆದರೆ ವಿಮಾನದ ಮುಂಭಾಗದಷ್ಟು ಗುಂಡಿಗಳು. ಸಿನಿಮಾಕ್ಕೆ ಸಂಗೀತ ಮಾಡುವವರಿಗೆ ಅದೆಲ್ಲ ಬೇಕೇನೋ, ಒಬ್ಬಳು ಕುಳಿತು ಪುಸ್ತಕ ಓದುವುದಕ್ಕೆ ಬೇಡ. ಅದನ್ನು ತೆಗೆದುಹಾಕಿ ಪುಕ್ಕಟೆಯದಕ್ಕೇ ಬಂದೆ. ಅದಕ್ಕೆ ಜೋಡಿಸಲು ಬೇರೆ ಬೇರೆ ಕಂಪ್ರೆಸರ್ ಪ್ಲಗಿನ್‌ಗಳನ್ನು ಇಳಿಸಿಕೊಂಡೆ. ಒಂದಂತೂ ದುಡ್ಡು ಕೊಡುವ ತನಕ ನಡುನಡುವೆ ‘ಸ್ಸ್’ ಎಂದು ಸದ್ದು ಹಾಕಿ ಹೆದರಿಸುತ್ತಿತ್ತು. ಇನ್ನೊಂದರಲ್ಲಿ ‘ಹೆಣ್ಣುದನಿ’ ಎಂಬ ಸಿದ್ಧ ಅಳತೆಯೇ ಇತ್ತು. ಖುಷಿಯಿಂದ ಒತ್ತಿದೆ. ಹುಬ್ಬಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕೂಗುವವಳು ನನ್ನ ಕಥೆ ಓದತೊಡಗಿದಳು.

ಕಂಪ್ರೆಸರ್ ಮಾಡುವ ಕೆಲಸ ಇಷ್ಟೇ. ಸೇರಿನ ಮೇಲೆ ರಾಶಿಯಾದ ಅಕ್ಕಿಯನ್ನು ಕೈಯಲ್ಲಿ ಸವರಿದ ಹಾಗೆ ಅದು ಜೋರಾದ ದನಿಯನ್ನು ತಗ್ಗಿಸುತ್ತದೆ. ಆಮೇಲೆ ಒಟ್ಟು ದನಿಯನ್ನು ಎತ್ತಿದರೆ ಮೆತ್ತಗಿನ ಮಾತೂ ಮುಂದೆ ಬರುತ್ತದೆ. ನಾನು ಎತ್ತಿದೆ. ವಾಕ್ಯದ ಕೊನೆಗಳು ಕೇಳಿಸಿದವು ನಿಜ. ಅವುಗಳ ಜೊತೆಗೆ ನನ್ನ ಉಸಿರು, ಅಡುಗೆಮನೆಯ ನಲ್ಲಿ, ಪಕ್ಕದ ಕೋಣೆಯಲ್ಲಿ ಮನೆಯವರು ಕ್ಯಾಕರಿಸಿದ್ದು, ಎಲ್ಲವೂ ಕೇಳಿಸಿದವು. ಕೊನೆಯ ಪದಗಳನ್ನು ನಾನು ಹೇಳಿದ್ದು ನಲ್ಲಿಯ ಸದ್ದಿಗಿಂತ ಮೆತ್ತಗೆ!

ಆಗ ಪರದೆಯ ಮೇಲಿನ ದನಿಯ ಚಿತ್ರವನ್ನು ಸರಿಯಾಗಿ ನೋಡಿದೆ. ಪ್ರತಿ ವಾಕ್ಯವೂ ದಪ್ಪಗೆ ಹುಟ್ಟಿ ದಾರದ ಹಾಗೆ ಸಣ್ಣಗಾಗಿ ಸಾಯುತ್ತಿತ್ತು. ಇದು ಪ್ಲಗಿನ್ನಿನ ತಪ್ಪಲ್ಲ. ನಮ್ಮ ಕಡೆ ಜಗಲಿಯಲ್ಲಿ ನೆಂಟರು ಕುಳಿತಿರುವಾಗ ಒಳಗಿನ ಹೆಂಗಸರು ಬಾಗಿಲ ಸಂದಿನಿಂದಲೇ ಅರ್ಧ ಮಾತು ಹೇಳುವುದು, ಉಳಿದರ್ಧ ಗಂಡಸರು ತಾವೇ ತಿಳಿದುಕೊಳ್ಳುವುದು ರೂಢಿ. ಬಾಯಿ ಮುಚ್ಚು ಎಂದು ಯಾರೂ ಹೇಳುವುದಿಲ್ಲ, “ಮೆಲ್ಲ ಮಾತಾಡೇ” ಎನ್ನುತ್ತಾರೆ, ಅಷ್ಟೇ. ಪೇಟೆಯ ಮನೆಗೆ ಬಂದ ಮೇಲೆ ಜಗಲಿ ಹೋಯಿತು, ರೂಢಿ ನನ್ನ ಗಂಟಲಲ್ಲಿ ಉಳಿಯಿತು. ಇದು ಹೊಳೆದ ಮಧ್ಯಾಹ್ನ ನನಗೆ ಅಳು ಬಂತು.

ಕೋಣೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕಂಪ್ರೆಸರ್ ಹಾಕಿದ ರೆಕಾರ್ಡಿಂಗ್ ಸ್ಪೀಕರಿನಲ್ಲಿ ಓಡುತ್ತಿತ್ತು.

“ಇದು ಯಾರ ದನಿಯೇ?”

“ಯಂದೇ, ಅತ್ತೆ.”

ಅವರು ಒಳಗೆ ಬಂದು ಮಂಚದ ತುದಿಗೆ ಕುಳಿತು ಸ್ವಲ್ಪ ಹೊತ್ತು ಕೇಳಿದರು. “ಚಂದ ಕೇಳ್ತು. ಕೂಸೆ, ಒಂದು ಮಾತು ಹೇಳ್ತೆ, ಬೇಜಾರ್ ಮಾಡ್ಕಳಡ. ಇಷ್ಟ್ ವರ್ಷ ನೀ ಹೇಳದ್ರಲ್ಲಿ ಅರ್ಧ ಯಂಗೆ ಕೇಳ್ತೇ ಇತ್ತಿಲ್ಲೆ. ಸುಮ್ನೆ ತಲೆ ಅಲ್ಲಾಡ್ಸ್ತಿದ್ದೆ.”

ಬೇಜಾರಾಗದೆ ಇರುತ್ತದೆಯೇ? ಅವರು ಒಪ್ಪಿದರು ಎಂದುಕೊಂಡು ನಾನು ಎಷ್ಟು ಸಲ ನಿಶ್ಚಿಂತೆಯಿಂದ ಇದ್ದೆ! ಕೊನೆಗೆ ಇಬ್ಬರೂ ನಕ್ಕೆವು, ಬೇರೆ ಏನು ಮಾಡುವುದು.

ಮಾರನೆಯ ದಿನ ಮೈಕಿನ ಆಚೆ ಒಂದು ಕುರ್ಚಿ ಹಾಕಿ ಅತ್ತೆಯನ್ನೇ ಕೂರಿಸಿದೆ. ಕೊನೆಯ ಪದ ಕೇಳಿಸದಿದ್ದರೆ ಕೈ ಎತ್ತಬೇಕು ಎಂಬುದು ಕರಾರು. ಮೊದಲ ಪುಟದಲ್ಲಿ ಅವರ ಕೈ ಕೆಳಗೆ ಇಳಿಯಲೇ ಇಲ್ಲ. ಅದೇ ಪುಟವನ್ನು ಮತ್ತೆ ಮತ್ತೆ ಓದಿದೆ. ಮಾತಿನ ಕೊನೆಯನ್ನು ಒಬ್ಬರ ಮುಖಕ್ಕೆ ನೇರ ಹೇಳಲು ನನಗೆ ನಾಚಿಕೆಯಾಗುತ್ತಿತ್ತು, ಈ ವಯಸ್ಸಿನಲ್ಲಿ! ಅಧ್ಯಾಯ ಮುಗಿಯುವ ಹೊತ್ತಿಗೆ ಅವರ ಕೈ ಮಡಿಲಲ್ಲಿತ್ತು. ಅದಕ್ಕೆ ಕಂಪ್ರೆಸರನ್ನು ಒಗ್ಗರಣೆಯಷ್ಟೇ ಹಾಕಿ ಕಳಿಸಿದೆ. ವಾರ ಕಳೆದ ಮೇಲೆ ಉತ್ತರ ಬಂತು. ಒಪ್ಪಿಗೆಯಾಗಿತ್ತು, ಪೂರ್ತಿ ಪುಸ್ತಕ ನನಗೇ ಕೊಟ್ಟಿದ್ದರು.

ಓದಲು ಒಂದು ಜಾಗ ಬೇಕಿತ್ತು. ಮನೆಯಲ್ಲಿ ಸದ್ದಿಲ್ಲದ್ದೆಂದರೆ ಹಿಂದಿನ ಕೋಣೆ ಒಂದೇ, ಅದು ಮನೆಯವರ ಫೈಲುಗಳದ್ದು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಧೈರ್ಯ ಮಾಡಿ, “ಹಿಂದಿನ ಕೋಣೆ ಯಂಗೆ...” ಎಂದು ಶುರು ಮಾಡಿದೆ.

“ಗುಡ್ಸವಾ? ನಾಳೆ ಗುಡ್ಸಿರಾತು” ಎಂದರು ಅವರು, ತಟ್ಟೆಯಿಂದ ತಲೆ ಎತ್ತದೆ.

ನಾನು ಎಂದಿನಂತೆ ಸುಮ್ಮನಾಗುತ್ತಿದ್ದೆನೇನೋ. ಅತ್ತೆ ಮಜ್ಜಿಗೆಯ ಲೋಟವನ್ನು ಕೆಳಗಿಟ್ಟರು.

“ತಮಾ, ತಡಿ. ಕೂಸು ಇನ್ನೂ ಮಾತು ಮುಗ್ಸಿದ್ದಿಲ್ಲೆ.”

ಮನೆಯವರು ತಲೆ ಎತ್ತಿ ನನ್ನನ್ನು ನೋಡಿದರು. ಕಾದರು. ಈ ಸಲ ಕೊನೆಯ ಪದದ ತನಕ ಹೇಳಿದೆ.

“ಹಿಂದಿನ ಕೋಣೆ ಯಂಗೆ ಬೇಕು. ದಿನಾ ಬೆಳಗ್ಗೆ ಬಾಗ್ಲು ಹಾಕ್ಕಂಡು ಓದ್ತೆ. ಆವಾಗ ಯಾರೂ ಕರೆಯದು ಬ್ಯಾಡ.”