ಎಂಟರಿಂದ ಎರಡು ಸಲ

ಮೊರಪ್ಪೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಈಗ ನಾನೊಬ್ಬನೇ. ಸೇಲಂನಿಂದ ಬೆಳಗಿನ ಪ್ಯಾಸೆಂಜರಿನಲ್ಲಿ ಬಂದು ಬೀಗ ತೆಗೆಯುವವನೂ ನಾನೇ, ಗುಡಿಸುವವನೂ ನಾನೇ. ಮನೆಯಲ್ಲಿ ಜನಕ್ಕೇನೂ ಕಡಿಮೆಯಿಲ್ಲ. ಮಗ, ಸೊಸೆ, ಮೊಮ್ಮಕ್ಕಳು ಇದ್ದಾರೆ. ನಾವು ಮಗ್ಗದವರು, ಮನೆಮಾತು ಕನ್ನಡ. ಆದರೆ ಹೆಂಡತಿ ತೀರಿಕೊಂಡ ಮೇಲೆ ನಾನು ಕನ್ನಡದಲ್ಲಿ ಏನು ಕೇಳಿದರೂ ಉತ್ತರ ತಮಿಳಿನಲ್ಲೇ ಬರುತ್ತದೆ. ಅವರದೇನೂ ತಪ್ಪಿಲ್ಲ. ಆದರೂ ನನಗೆ ಸಿಟ್ಟು ಬರುತ್ತದೆ.

ಎಕ್ಸ್‌ಚೇಂಜಿನ ಗೋಡೆಯಲ್ಲಿ ಒಂದು ಫೋನಿದೆ. ಆರ್ಡರ್ ವೈರ್ ಅನ್ನುತ್ತೇವೆ. ಲೈನಿನ ಎರಡು ತುದಿಯ ಕೆಲಸಗಾರರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುವುದಕ್ಕೆ ಮಾತ್ರ ಅದು. ಆ ತುದಿಯಲ್ಲಿ, ಕಂಬೈನಲ್ಲೂರಿನ ಎಕ್ಸ್‌ಚೇಂಜಿನಲ್ಲಿ, ನನ್ನ ವಯಸ್ಸಿನ ಒಬ್ಬ ಮೇಡಂ ಇದ್ದರು. ಬಹಳ ಕಾಲ ನಮ್ಮ ಮಾತು ತಮಿಳಿನಲ್ಲೇ ನಡೆದಿತ್ತು. ಒಂದು ದಿನ ಮಾತಿನ ನಡುವೆ ಒಳಗೆ ನುಗ್ಗಿದ ಮೇಕೆಯನ್ನು ಅವರು ಬೈದರು. "ಏಯ್, ಓಗ್ಲಾ ಆಚೆ." ನಾನು ನಕ್ಕುಬಿಟ್ಟೆ. ಹೊಲಗೆಲಸದ ಮನೆಯ ಕನ್ನಡದ ಹೆಂಗಸು, ಅವರೂ ಗಂಡನನ್ನು ಕಳೆದುಕೊಂಡವರು. ಅಂದಿನಿಂದ ಮಧ್ಯಾಹ್ನ ಒಂದು ಗಂಟೆಗೆ ಆ ಫೋನು ತಪ್ಪದೆ ಬಡಿದುಕೊಳ್ಳುತ್ತಿತ್ತು. "ಸಾರ್, ಉಂಡ್ರಾ?" ಅಷ್ಟು ಕೇಳಿದ ಮೇಲೇ ನಾನು ಡಬ್ಬಿ ಬಿಚ್ಚುತ್ತಿದ್ದೆ. ಮುಖ ನೋಡಿರಲಿಲ್ಲ, ಸ್ವಂತ ನಂಬರು ಕೇಳಿರಲಿಲ್ಲ. ಆಫೀಸಿನ ಫೋನಿನಲ್ಲಿ ಮಾತಾಡಿದರೆ ಅದು ಕೆಲಸ. ಮೊಬೈಲಿನಲ್ಲಿ ಮಾತಾಡಿದರೆ ಏನೋ ಬೇರೆ ಆಗಿಬಿಡುತ್ತದೆ ಅಂತ ನನಗೆ ಅಂಜಿಕೆ.

ಆಮೇಲೆ ಕಂಬೈನಲ್ಲೂರಿನದನ್ನು ಮುಚ್ಚುತ್ತಾರೆ ಎಂದು ಆರ್ಡರ್ ಬಂತು. ಮೇಡಂ ವಾಲಂಟರಿ ರಿಟೈರ್ಮೆಂಟ್ ತಗೊಂಡು ಈರೋಡಿನ ಮಗಳ ಮನೆಗೆ ಹೊರಟಿದ್ದರು. ಉಳಿದ ಕೆಲಸ ಒಂದೇ. ಅಲ್ಲಿನ ಹಳೆಯ ದಾಖಲೆಯೆಲ್ಲ ಟೇಪಿನಲ್ಲಿತ್ತು, ಆ ಟೇಪನ್ನು ಓದುವ ಡ್ರೈವ್ ಅವರಲ್ಲಿ ಮಾತ್ರ ಇತ್ತು. ಅದನ್ನು ಲೈನಿನ ಮೇಲೆ ನನ್ನ ಕಂಪ್ಯೂಟರಿಗೆ ಇಳಿಸಬೇಕು, ಇಳಿದ ಕೂಡಲೇ ಸೇಲಂನವರು ಲೈನು ಕತ್ತರಿಸುತ್ತಾರೆ, ಅದರ ಜೊತೆಗೆ ಆರ್ಡರ್ ವೈರೂ ಹೋಗುತ್ತದೆ. ಆ ದಿನ ಕೇಳಿಯೇ ಬಿಡುವುದು ಎಂದು ನಿಶ್ಚಯಿಸಿದೆ. ನಿಮ್ಮ ನಂಬರ್ ಕೊಡ್ತೀರಾ, ಕೆಲಸ ಇಲ್ಲದಿದ್ರೂ ಫೋನ್ ಮಾಡಬೌದಾ? ಇಷ್ಟನ್ನೇ ರೈಲಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದೆ.

ಬೆಳಗ್ಗೆ ಒಂಬತ್ತಕ್ಕೆ ಕಾಪಿ ಶುರು ಮಾಡಿದೆವು. "ಎಷ್ಟೈತೆ?" ಎಂದು ಕೇಳಿದೆ.

"ಏಳ್ಸಾವಿರದ ಇನ್ನೂರು ಎಂಬಿ ಐತೆ ಸಾರ್. ಎಷ್ಟೊತ್ತಾಯ್ತದೆ ನೀವೇ ಯೋಳಿ, ಲೆಕ್ಕ ನಿಮ್ದು."

ಈ ಎಂಬಿ ಅನ್ನುವುದು ದೊಡ್ಡ ಕಿತಾಪತಿ. ನಮ್ಮ ಲೈನಿಗೆ ನಾವು 'ಟೂ ಎಂಬಿ' ಅನ್ನುತ್ತೇವೆ, ಅಂದರೆ ಸೆಕೆಂಡಿಗೆ ಎರಡು ಮೆಗಾಬಿಟ್. ಟೇಪು, ಡಿಸ್ಕಿನವರೂ ಎಂಬಿ ಅನ್ನುತ್ತಾರೆ, ಅದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. ಹಾಗಾಗಿ ಟೇಪಿನ ಲೆಕ್ಕವನ್ನು ಲೈನಿನ ಲೆಕ್ಕಕ್ಕೆ ತರಬೇಕಾದರೆ ಎಂಟರಿಂದ ಗುಣಿಸಬೇಕು. ನಾನು ಜಾಣನ ಹಾಗೆ ಗುಣಿಸಿದೆ, ಎರಡರಿಂದ ಭಾಗಿಸಿದೆ. ಬಂದ ಸೆಕೆಂಡುಗಳನ್ನು ಗಂಟೆಗೆ ತಂದರೆ ಎಂಟು ಗಂಟೆ.

"ಸಾಯಂಕಾಲ ಐದಾಯ್ತದೆ" ಎಂದೆ.

"ಅಂಗಾದ್ರೆ ಗುಡಿಗೆ ಓಗ್ಬುಟ್ಟು ಬತ್ತೀನಿ. ಮದ್ಯಾನ ಮಾತಾಡಾನ."

ನನಗೂ ಅದೇ ಬೇಕಿತ್ತು. ಒಂದು ಗಂಟೆಗೆ ಅವರು ಉಂಡ್ರಾ ಎಂದು ಕೇಳಿದಾಗ ನಾನು ನಂಬರು ಕೇಳುವುದು ಎಂದುಕೊಂಡು ನೆಮ್ಮದಿಯಾಗಿ ಕೂತೆ. ಹತ್ತರ ಸುಮಾರಿಗೆ ಸೇಲಂ ಆಫೀಸಿನ ಹುಡುಗನ ಫೋನ್ ಬಂತು. "ಮುಡಿಂಜಿಡುಚ್ಚು ಸಾರ್, ಲಿಂಕ್ ಕಟ್ ಪಣ್ಣಿಯಾಚ್ಚು." ಮುಗಿಯಿತು, ಕತ್ತರಿಸಿ ಆಯಿತು ಎಂದ. ಆರ್ಡರ್ ವೈರಿನ ಫೋನೆತ್ತಿ ಕಿವಿಗಿಟ್ಟೆ. ಅದರಲ್ಲಿ ಯಾವಾಗಲೂ ಇರುತ್ತಿದ್ದ ಗುಂಯ್ ಶಬ್ದವೂ ಇರಲಿಲ್ಲ.

ಕಂಪ್ಯೂಟರಿನಲ್ಲಿ ನೋಡಿದೆ. ಬಂದಿಳಿದದ್ದು ಒಂಬೈನೂರು ಮೆಗಾಬೈಟ್. ಒಂಬೈನೂರನ್ನು ಎಂಟರಿಂದ ಗುಣಿಸಿದರೆ ಏಳು ಸಾವಿರದ ಇನ್ನೂರು. ಅಂದರೆ ನನಗೆ ಹೇಳುವ ಮೊದಲೇ ಮೇಡಂ ಗುಣಿಸಿದ್ದರು. ಲೈನಿನ ಮನುಷ್ಯ, ಲೈನಿನ ಲೆಕ್ಕದಲ್ಲೇ ಹೇಳೋಣ, ಅವನಿಗೆ ಸುಲಭವಾಗಲಿ ಎಂದು. ಅದನ್ನೇ ನಾನು ಇನ್ನೊಮ್ಮೆ ಗುಣಿಸಿದ್ದೆ. ನಮ್ಮಮ್ಮ ನೂಲಿನ ಲೆಕ್ಕ ಯಾರು ಹೇಳಿದರೂ ಮೊದಲು "ಎಳೆ ಲೆಕ್ಕವಾ, ಕಟ್ಟು ಲೆಕ್ಕವಾ?" ಎಂದು ಕೇಳಿಯೇ ಮುಂದಿನ ಮಾತು ಆಡುತ್ತಿದ್ದಳು. ಅವಳ ಮಗನಾಗಿ ಹುಟ್ಟಿ ನಾನು ಆ ಒಂದು ಮಾತು ಕೇಳಲಿಲ್ಲ. ಹೆಂಡತಿ ಹೋದ ಮೇಲೆ ನನಗೆ ಸುಲಭವಾಗಲಿ ಎಂದು ಯಾರಾದರೂ ಒಂದು ಕೆಲಸ ಮಾಡಿದ್ದು ಅದೇ ಮೊದಲು. ಅದೇ ನನ್ನ ತಲೆಯ ಮೇಲೆ ಬಿತ್ತಲ್ಲ ಎಂದು ಕುರ್ಚಿಯಲ್ಲಿ ಕೂತು ಅತ್ತೆ.

ಆಮೇಲೆ ಸರ್ವೀಸಿನಲ್ಲೇ ಮೊದಲ ಸಲ ಹಗಲು ಹೊತ್ತಿನಲ್ಲಿ ಎಕ್ಸ್‌ಚೇಂಜಿಗೆ ಬೀಗ ಹಾಕಿ ಕಂಬೈನಲ್ಲೂರಿನ ಬಸ್ಸು ಹತ್ತಿದೆ. ಅದೂ ಸುಲಭಕ್ಕೆ ಸಿಕ್ಕಿರಲಿಲ್ಲ, ತಡವಾಗಿತ್ತು. ಹೋಗಿ ನೋಡಿದರೆ ಅಲ್ಲಿಯೂ ಬೀಗ. ಎದುರಿನ ಪೆಟ್ಟಿಗೆ ಅಂಗಡಿಯ ಹೆಂಗಸು ತಮಿಳಿನಲ್ಲಿ, ಮೇಡಂ ಗುಡಿಯಿಂದ ಬಂದು ನೋಡಿದರು, ಕೆಲಸ ಮುಗಿದಿತ್ತು, ಅಳಿಯ ಕಾರು ತಂದಿದ್ದ, ಹೊರಟುಹೋದರು ಎಂದಳು. ಅವರ ನಂಬರು ಕೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ನೀವು ಯಾರು ಎಂದು ಕೇಳಿದಳು. "ಆಫೀಸ್" ಎಂದುಬಿಟ್ಟೆ. ಆಫೀಸಿನವನ ಹತ್ತಿರ ನಂಬರು ಇರಲೇಬೇಕಲ್ಲ. ಇನ್ನು ಕೇಳುವುದಕ್ಕೆ ಮುಖವಿರಲಿಲ್ಲ.

ಸಂಜೆ ರೈಲು ಹಿಡಿದು ಮನೆ ಸೇರಿದೆ. ಸೊಸೆ ನನ್ನ ಕೈಯಿಂದ ಚೀಲ ಇಸಿದುಕೊಳ್ಳುತ್ತಾ "ಸಾಪ್ಟೀಂಗಳಾ ಮಾಮಾ?" ಎಂದಳು. ದಿನಾ ಕೇಳುವ ಮಾತೇ. ಅದೂ ಉಂಡ್ರಾ ಎಂಬುದೇ ಎಂದು ಅವತ್ತು ಹೊಳೆಯಿತು.

"ಉಂಡೆ ಕಣವ್ವ" ಎಂದೆ. ಅವಳ ಕೈಯಲ್ಲಿದ್ದ ಚೀಲದೊಳಗೆ ಡಬ್ಬಿ ತುಂಬಿದ ಹಾಗೆಯೇ ಇತ್ತು.