ಅಕ್ಕ ಒತ್ತದೆ ಬಿಟ್ಟ ಗುಂಡಿ

ಮಾನ್ಯ ಓದುಗರಲ್ಲಿ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಚೇರಿಯ ಪತ್ರಗಳ ಹೊರತು ನಾನು ಇದುವರೆಗೆ ಏನನ್ನೂ ಬರೆದವನಲ್ಲ. ಸವದತ್ತಿಯ ಒಂದು ಸರ್ಕಾರಿ ಕಚೇರಿಯ ರವಾನೆ ಶಾಖೆಯಲ್ಲಿ ಕುಳಿತು, ಇತರರು ಬರೆದದ್ದನ್ನು ಲಕೋಟೆಗೆ ಹಾಕಿ ಕಳಿಸುತ್ತ ನಿವೃತ್ತನಾಗಿರುತ್ತೇನೆ. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ. ಅಲ್ಪಪ್ರಾಣ ಮಹಾಪ್ರಾಣಗಳ ವಿಷಯದಲ್ಲಿ ನನಗೆ ಶಾಲೆಯ ದಿನಗಳಿಂದಲೂ ಸಂಶಯವೇ. ಸದರಿ ದೋಷಗಳನ್ನು ಮನ್ನಿಸಿ ಮುಂದೆ ಓದಬೇಕಾಗಿ ಕೋರುತ್ತೇನೆ.

ಕಳೆದ ವಾರ ಕನ್ನಡಕದ ಕಾಲು ಸರಿ ಮಾಡಿಸಲೆಂದು ಬೈಲಹೊಂಗಲಕ್ಕೆ ಹೋಗಿದ್ದೆ. ಪೇಟೆಯ ಒಂದು ಟಿವಿ ಅಂಗಡಿಯ ಗಾಜಿನಾಚೆ, ಬಾಗಿಲಿನಷ್ಟು ಅಗಲದ ಪರದೆಯ ಮೇಲೆ, ಎರಡು ಕೈಗಳು ಬಂದೂಕು ಹಿಡಿದು ಮುಂದೆ ಮುಂದೆ ಸಾಗುತ್ತಿದ್ದವು. ಆ ಕೈಗಳಿಗೆ ಮೈಯಿಲ್ಲ, ಮುಖವಿಲ್ಲ. ಎದುರಿಗೆ ನಿಂತು ನೋಡುವವನೇ ಅವುಗಳ ಒಡೆಯ. ನಾನು ನೋಡುತ್ತಿದ್ದಂತೆಯೇ ನನ್ನ ಬಲಗೈಯ ತೋರುಬೆರಳು ತಾನಾಗಿಯೇ ಒಮ್ಮೆ ಮಡಚಿಕೊಂಡಿತು. ಬೆಚ್ಚಿಬಿದ್ದು ಆ ಕೈಯನ್ನು ಜೇಬಿನಲ್ಲಿ ಹಾಕಿಕೊಂಡೆ.

ಅಂಗಡಿಯವನು ಹೊರಗೆ ಬಂದ. “ಯಾಕ್ರೀ ಯಜಮಾನ್ರ, ಮೈಯಾಗ ಆರಾಮ ಇಲ್ಲೇನು? ಒಳಗ ಬರ್ರಿ, ಕುಂತು ನೀರು ಕುಡೀರಿ.”

ನೀರು ಬೇಡವೆಂದು ಕೈ ಆಡಿಸಿದೆ. ನನಗೆ ಆದದ್ದು ಏನೆಂದು ಅವನಿಗೆ ಹೇಳಲು ಅಂಗಡಿಯ ಬಾಗಿಲು ತಕ್ಕ ಸ್ಥಳವಾಗಿರಲಿಲ್ಲ. ಇಲ್ಲಿ ಹೇಳುತ್ತೇನೆ.

ನನಗೆ ಒಬ್ಬಳೇ ಅಕ್ಕ. ಬೈಲಹೊಂಗಲಕ್ಕೆ ಕೊಟ್ಟಿದೆ. ಮನೋಳಿಯಲ್ಲಿ ಮಲಪ್ರಭೆಯ ದಂಡೆಗೆ ನಮ್ಮದೊಂದು ಹೊಲವಿದ್ದು, ಅದು ಅವ್ವನ ಹೆಸರಿನಲ್ಲಿತ್ತು. ಅವ್ವ ತೀರಿಕೊಂಡ ಮೇಲೆ ಅದನ್ನು ನನ್ನೊಬ್ಬನ ಹೆಸರಿಗೆ ಮಾಡಿಕೊಳ್ಳಲು ಅಕ್ಕನ ಹಕ್ಕು ಬಿಡುಗಡೆ ಪತ್ರ ಬೇಕಾಗಿತ್ತು. ನಮ್ಮ ಕಡೆಯ ಪದ್ಧತಿ ತಮಗೆ ತಿಳಿದೇ ಇದೆ. ತಮ್ಮನಾದವನು ಸೀರೆ, ಕುಪ್ಪಸದ ಖಣ, ತೆಂಗಿನಕಾಯಿ ತೆಗೆದುಕೊಂಡು ಹೋಗುತ್ತಾನೆ. ಅಕ್ಕನಾದವಳು ಸಹಿ ಮಾಡುತ್ತಾಳೆ. ಆಮೇಲೆ ಸೆರಗು ಒಡ್ಡುತ್ತಾಳೆ, ಉಡಿ ತುಂಬಲಾಗುತ್ತದೆ. ತವರಿನ ಹೊಲ ಹೋಯಿತು, ತವರು ಉಳಿಯಿತು ಎಂದು ಅದರ ಅರ್ಥ. ಸಹಿಯ ಕಾಗದ ಮತ್ತು ಉಡಿಯ ಸಾಮಾನು ಒಂದೇ ಚೀಲದಲ್ಲಿ ಬರುತ್ತವೆ. ಅದರಲ್ಲಿ ತಪ್ಪೇನಾದರೂ ಇದೆಯೆಂದು ನನಗೆ ಒಂದು ದಿನವೂ ತೋಚಿರಲಿಲ್ಲ.

ಫೋನಿನಲ್ಲಿ ಕೇಳಿದಾಗ ಅಕ್ಕ, “ಆತು, ಬಾ” ಎಂದಿದ್ದಳು. ಅಷ್ಟರಲ್ಲಿ ಅರಿವೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ಬಲಗೈಯ ಮಣಿಕಟ್ಟು ಮುರಿದುಕೊಂಡಳು. ಪಟ್ಟಿ ಬಿಚ್ಚಿದ ಮೇಲೆಯೂ ಹೆಬ್ಬೆರಳು ಮರದ ತುಂಡಿನಂತೆ ನಿಂತಿತು. ಪೆನ್ನು ಹಿಡಿಯಲು ಬಾರದು. ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ ಎಂದು ನಾನು ಸೂಚಿಸಿದೆ. “ಏಳನೇತ್ತೆ ಪಾಸಾದಾಕಿ ನಾ. ನಮ್ಮ ವಾರಿಗಿಯವರೊಳಗ ಸಹಿ ಮಾಡಾಕ ಬರತಿದ್ದದ್ದು ನನಗೊಬ್ಬಾಕಿಗೆ. ಹೆಬ್ಬೆಟ್ಟು ಒತ್ತಂಗಿಲ್ಲ” ಎಂದಳು. ಆದ್ದರಿಂದ ಹೆಬ್ಬೆರಳು ಗುಣವಾಗುವವರೆಗೆ ಸದರಿ ಪ್ರಕರಣವನ್ನು ಬಾಕಿ ಇಡಲಾಯಿತು.

ವೈದ್ಯರು ಬೆರಳಿನ ವ್ಯಾಯಾಮಕ್ಕೆಂದು ಒಂದು ಮೆತ್ತನೆಯ ಚೆಂಡು ಕೊಟ್ಟಿದ್ದರು. ಅಕ್ಕ ಅದನ್ನು ಬೆಕ್ಕಿಗೆ ಕೊಟ್ಟಳು. ಆಗ ಅಕ್ಕನ ಸೊಸೆ ಶೈಲಾ ಒಂದು ಉಪಾಯ ಮಾಡಿದಳು. ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಹುಡುಗಿ, ಬಹಳ ಚುರುಕು. ರಜೆಯ ದಿನ ತಾನೂ ಗಂಡನೂ ಆಡುತ್ತಿದ್ದ, ಟಿವಿಗೆ ಜೋಡಿಸುವ ಆಟದ ಯಂತ್ರವನ್ನು ಹೊರಗೆ ತೆಗೆದು, ಅದರ ರಿಮೋಟನ್ನು ಅತ್ತೆಯ ಕೈಗೆ ಕೊಟ್ಟಳು. ಎರಡು ಹೆಬ್ಬೆರಳಿನಿಂದ ಎರಡು ಪುಟ್ಟ ಕೋಲುಗಳನ್ನು ತಿರುಗಿಸಬೇಕು, ತೋರುಬೆರಳಿನಿಂದ ಹಿಂದಿನ ಗುಂಡಿ ಒತ್ತಬೇಕು. ಕೋಲು ತಿರುಗಿಸಿದರೆ ನಡೆಯುವುದು, ನೋಡುವುದು. ಗುಂಡಿ ಒತ್ತಿದರೆ ಗುಂಡು.

ಇದಾವುದೂ ಗೊತ್ತಿಲ್ಲದೆ ನಾನು ಒಂದು ಮುಂಜಾನೆ ಅವರ ಮನೆಗೆ ಹೋದೆ. ಹಣೆಯ ತುಂಬ ವಿಭೂತಿ ಧರಿಸಿದ ನನ್ನ ಅಕ್ಕ, ಇರುವೆಯ ಗೂಡಿಗೆ ಸಕ್ಕರೆ ಹಾಕುವ ನನ್ನ ಅಕ್ಕ, ಚಾಪೆಯ ಮೇಲೆ ಕಾಲು ಚಾಚಿ ಕುಳಿತು ಮೂರು ಜನರನ್ನು ಸಾಲಾಗಿ ಕೆಡವಿದಳು. ಹೊಸ್ತಿಲು ದಾಟಿದ ನಾನು ಟಿವಿಯ ಎದುರಿಗೇ ದಂಗಾಗಿ ನಿಂತೆ.

“ಲೇ ತಮ್ಮಾ, ಟಿವಿಗೆ ಅಡ್ಡ ನಿಂದರಬ್ಯಾಡ, ಸರಿ! ಮ್ಯಾಲಿನ ಕಿಡಕ್ಯಾಗ ಇನ್ನೊಬ್ಬಾಂವ ಕುಂತಾನ.”

“ಅಕ್ಕಾ, ಇದೇನ ಇದು?”

“ಬೆರಳಿನ ಔಷಧ. ಲಿಂಗಪೂಜಿ ಮುಗಿಸೇ ಕುಂತೇನಿ, ಹಂಗ್ಯಾಕ ನೋಡತಿ?”

ಅಡುಗೆಮನೆಯಿಂದ ಶೈಲಾ ನಕ್ಕಳು. “ಮಾವಾರ, ಅತ್ತಿ ಒಬ್ಬೊಬ್ಬರನ್ನ ಹೊಡದಾಗೂ ‘ತಪ್ಪಾತೋ ಯಪ್ಪಾ’ ಅಂತಾರ್ರಿ. ಅಂದು ಮುಂದಿನಾಂವನ್ನ ಹೊಡೀತಾರ.”

ಅದು ಬರೀ ಗುಂಡು ಹಾರಿಸುವ ಆಟವಾಗಿರಲಿಲ್ಲ, ಅದರಲ್ಲಿ ಒಂದು ಕಥೆ ಇತ್ತು. ಯಾವುದೋ ದೇಶ, ಹಾಳಾದ ಒಂದು ಊರು. “ಕಿತ್ತೂರ ಕ್ವಾಟಿ ಇದ್ದಂಗ ಐತಿ ನೋಡು, ಬರೀ ಗ್ವಾಡಿ ಉಳದಾವು” ಎಂದು ಅಕ್ಕ ಅನ್ನುತ್ತಿದ್ದಳು. ಆ ಊರಿನೊಳಗೆ ಹಾದು ಹೋಗಬೇಕಾದ ಸಿಪಾಯಿ ನಾವು. ನಮ್ಮ ಜೊತೆಗೆ ಒಬ್ಬ ವಯಸ್ಸಾದ ಸಿಪಾಯಿ. ಅವನೇ ಮುಂದೆ ಹೋಗಿ ಬಾಗಿಲು ತೆರೆಯುವವನು, ಗುಂಡು ಮುಗಿದಾಗ ಗುಂಡು ಕೊಡುವವನು, ಬಿದ್ದಾಗ ಕೈ ಹಿಡಿದು ಎಬ್ಬಿಸುವವನು. ಅವನಿಗೆ ಏನೋ ಇಂಗ್ಲಿಷ್ ಹೆಸರಿತ್ತು. ಅಕ್ಕ ಸೋಮಣ್ಣ ಎಂದು ಕರೆದಳು. ಯಾಕೆಂದು ಕೇಳಿದ್ದಕ್ಕೆ, “ಮಾರಿ ನೋಡು, ಸೋಮಣ್ಣ ಅಲ್ಲದ ಮತ್ತೇನರ ಅನ್ನಾಕ ಬರತೈತೇನು?” ಎಂದಳು. ಅವನ ಇಂಗ್ಲಿಷ್ ಮಾತುಗಳನ್ನು ಶೈಲಾ ಕನ್ನಡದಲ್ಲಿ ಹೇಳುತ್ತಿದ್ದಳು. ಪಾಳುಬಿದ್ದ ಮನೆಗಳಲ್ಲಿ ಶತ್ರುಗಳನ್ನು ಹುಡುಕುವ ಬದಲು ಅಕ್ಕ ಒಲೆ ಎಲ್ಲಿದೆ, ನೀರಿನ ಕೊಡ ಎಲ್ಲಿದೆ ಎಂದು ನೋಡುತ್ತ ತಿರುಗುವಳು. ಸೋಮಣ್ಣ ಬಾಗಿಲಲ್ಲಿ ಕಾಯುತ್ತ ನಿಲ್ಲುವನು. “ಪಾಪ, ಒಂದ ದಿನಾ ಸಿಟ್ಟಾಗಿಲ್ಲ ನೋಡಂವಾ. ನಿಮ್ಮ ಮಾವ ಆಗಿದ್ರ ಇಷ್ಟೊತ್ತಿಗೆ ಬಿಟ್ಟು ಹೋಗತಿದ್ರು” ಎಂದಾಗ, ಪಡಸಾಲೆಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದ ಅಕ್ಕನ ಗಂಡ, ನಮ್ಮ ಮಾವ, ಕೆಮ್ಮಿದರು.

ನಾನು ಈ ಆಟಕ್ಕೆ ಬಹಳ ಪ್ರೋತ್ಸಾಹ ನೀಡಿದೆ. ಕಾರಣ ತಮಗೆ ಹೊಳೆದಿರಬಹುದು. ವಾರಕ್ಕೊಮ್ಮೆ ಸವದತ್ತಿಯಿಂದ ಬಸ್ಸು ಹತ್ತಿ ಹೋಗಿ ಅಕ್ಕನ ಹೆಬ್ಬೆರಳು ಎಷ್ಟು ಬಾಗುತ್ತದೆ ಎಂದು ಪರಿಶೀಲಿಸಿ ಬರುತ್ತಿದ್ದೆ. ಮೊದಲು ಬುಡದಲ್ಲಿ ಬಾಗಿತು, ಬಳಿಕ ಗೆಣ್ಣಿನಲ್ಲಿ. ತಮ್ಮನಿಗೆ ಎಷ್ಟು ಕಾಳಜಿ ಎಂದು ಓಣಿಯವರು ಅಂದುಕೊಂಡರು. ನಾನೂ ಹಾಗೆಯೇ ಅಂದುಕೊಂಡೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಒಂದು ದಿನ ಶೈಲಾ ಫೋನಿನಲ್ಲಿ, “ಅತ್ತಿ ನಿನ್ನೆ ಪೆನ್ನು ಹಿಡದ್ರಿ ಮಾವಾರ” ಎಂದಳು. ಮರುದಿನವೇ ಚೀಲ ಸಿದ್ಧವಾಯಿತು. ರಾಮದುರ್ಗದ ನೇಕಾರರಿಂದ ತರಿಸಿದ ಸೀರೆ, ಖಣ, ತೆಂಗಿನಕಾಯಿ, ಜೋಳ, ಅರಿಶಿನ ಕುಂಕುಮ. ಅವುಗಳ ಅಡಿಯಲ್ಲಿ, ಮುದುಡದಂತೆ ರಟ್ಟಿನ ನಡುವೆ ಇಟ್ಟು, ಹಕ್ಕು ಬಿಡುಗಡೆ ಪತ್ರ. ಒಕ್ಕಣೆ ನನ್ನದೇ, ಎರಡು ಸಲ ತಿದ್ದಿದ್ದು.

ಅವರ ಮನೆಯಲ್ಲಿ ಕಾಲು ತೊಳೆದು ಒಳಗೆ ಹೋದರೆ ಅಕ್ಕ ಟಿವಿಯ ಮುಂದೆ ಸುಮ್ಮನೆ ಕುಳಿತಿದ್ದಳು. ರಿಮೋಟು ಅವಳ ಮಡಿಲಲ್ಲಿತ್ತು. ಪರದೆಯ ಮೇಲೆ ಸೋಮಣ್ಣ ನಿಂತಿದ್ದ. ಬಂದೂಕು ಕೆಳಗಿಟ್ಟಿದ್ದ. ನಮ್ಮ ಬಂದೂಕು ಅವನ ಎದೆಗೆ ನೇರವಾಗಿತ್ತು.

“ಮೂರ ದಿನಾ ಆತ್ರಿ ಮಾವಾರ, ಇಲ್ಲೇ ನಿಂತೈತಿ” ಎಂದಳು ಶೈಲಾ. “ಸೋಮಣ್ಣ ಶತ್ರುಗಳ ಕಡಿ ಒಂದ ಸಂಸಾರಾನ ಜೀವಂತ ಬಿಟ್ಟು ಕಳಿಸಿದ. ಅದಕ್ಕ ಮ್ಯಾಲಿನ ಸಾಹೇಬ ಅಂವಗ ಗುಂಡ ಹಾಕು ಅಂತ ಆರ್ಡರ್ ಮಾಡ್ಯಾನ. ಹಾಕಿದ್ರ ಆಟ ಮುಗೀತೈತಿ. ಅತ್ತಿ ಒತ್ತವಲ್ರು.”

“ಬ್ಯಾರೆ ದಾರಿ ಇಲ್ಲೇನು?”

“ಇಲ್ರಿ. ಒತ್ತಲಿಲ್ಲಂದ್ರ ಕಥಿ ಮುಂದ ಹೋಗೂದಿಲ್ಲ.”

“ಹೋಗೂದ ಬ್ಯಾಡ” ಎಂದಳು ಅಕ್ಕ, ತಿರುಗಿ ನೋಡದೆ. “ನಿಂದರಲಿ. ನಿಂತರ ಏನ ಕಡಿಮಿ ಆತು?”

ಆಗ ಸೋಮಣ್ಣ ಏನೋ ಅಂದ. ಸ್ವಲ್ಪ ಹೊತ್ತು ಬಿಟ್ಟು ಅದೇ ಮಾತನ್ನು ಮತ್ತೆ ಅಂದ. ಏನೆಂದು ಕೇಳಿದೆ. “‘ನಿನಗ ತಿಳದಂಗ ಮಾಡು’ ಅಂತಾನ್ರಿ. ಅದೊಂದ ಮಾತು ತಿರುಗಾಮುರುಗಾ” ಎಂದಳು ಶೈಲಾ.

ಈಗ ನಾನು ಮಾಡಿದ್ದನ್ನು ಮರೆಮಾಚದೆ ಬರೆಯುತ್ತೇನೆ. ನನ್ನ ಕಣ್ಣು ಗೋಡೆಯ ಗಡಿಯಾರದ ಮೇಲಿತ್ತು. ಸಾಕ್ಷಿಗೆಂದು ಗೊತ್ತುಮಾಡಿದ್ದ ಓಣಿಯ ಹಿರಿಯರು ಬರುವ ಸಮಯವಾಗಿತ್ತು. ಈ ಆಟ ಮುಗಿಯದೆ ಅಕ್ಕ ಏಳುವುದಿಲ್ಲ, ಅಕ್ಕ ಏಳದೆ ಸಹಿಯಿಲ್ಲ. ಮೇಲಿನಿಂದ ಆದೇಶ ಬಂದ ಕಡತವನ್ನು ಮೂರು ದಿನ ಇಟ್ಟುಕೊಂಡು ಕೂರುವುದನ್ನು ನನ್ನ ಸೇವಾವಧಿಯಲ್ಲಿ ನಾನು ಕಂಡವನಲ್ಲ. “ಕೊಡಿಲ್ಲೆ” ಎಂದು ಬಗ್ಗಿ ಅಕ್ಕನ ಮಡಿಲಿನಿಂದ ರಿಮೋಟು ಎತ್ತಿಕೊಂಡೆ. ಒತ್ತಿದೆ.

ಸದ್ದು ಅಷ್ಟು ದೊಡ್ಡದಿರುತ್ತದೆ ಎಂದು ತಿಳಿದಿರಲಿಲ್ಲ. ಸೋಮಣ್ಣ ಕುಸಿದ. ಬೀಳುವ ಮೊದಲು ನಮ್ಮನ್ನೇ ನೋಡಿದ. ಪರದೆ ಕಪ್ಪಾಗಿ, ಯಾರು ಯಾರದೋ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹರಿಯತೊಡಗಿದವು.

“ಆತ್ ನೋಡು, ಮುಗೀತು” ಎಂದೆ.

ಅಕ್ಕ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಸಿಟ್ಟು ಇರಲಿಲ್ಲ. ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿದಳು.

“ಏನರ ಅಂದಿದ್ದನ ಅಂವಾ ನಿನಗ?”

“ಆಟ ಅಲ್ಲೇನ ಅಕ್ಕಾ ಅದು...”

“ಆಟಾನೇ. ನನಗೇನು ತಿಳಿಯೂದಿಲ್ಲೇನು? ಮೂರ ದಿನಾ ಕುಂತೇನಿ ನಾ ಅದರ ಮುಂದ. ನೀ ಕಾಲ ತೊಳದ ನೀರು ಇನ್ನೂ ಆರಿಲ್ಲ.”

ನಾನು ಕೆಳಗೆ ನೋಡಿದೆ. ಬಾಗಿಲಿನಿಂದ ಚಾಪೆಯವರೆಗೆ ನನ್ನ ಒದ್ದೆ ಹೆಜ್ಜೆಗಳು ಇನ್ನೂ ಹಾಗೆಯೇ ಇದ್ದವು. ಒತ್ತುವ ಮೊದಲು ನಾನು ಏನನ್ನು ಯೋಚಿಸಿದೆ ಎಂದು ನೆನಪಿಸಿಕೊಳ್ಳಲು ಯತ್ನಿಸಿದೆ. ಏನನ್ನೂ ಯೋಚಿಸಿರಲಿಲ್ಲ. ಜೀವಮಾನದಲ್ಲಿ ಒಂದು ಜಗಳಕ್ಕೂ ಹೋಗದವನು ನಾನು ಎಂಬ ಹೆಮ್ಮೆ ನನಗಿತ್ತು. ಆ ಹೆಮ್ಮೆಯ ಬುಡದಲ್ಲಿ ಇಷ್ಟು ಸಲೀಸಾಗಿ ಮಡಚುವ ಬೆರಳೊಂದು ಇದೆಯೆಂದು ಅಂದಿನವರೆಗೆ ಗೊತ್ತಿರಲಿಲ್ಲ.

ಅಕ್ಕ ಎದ್ದು ಕೈ ತೊಳೆದು, ಕನ್ನಡಕ ಹಾಕಿಕೊಂಡು, “ಕಾಗದ ಕೊಡು” ಎಂದಳು. ಹಿರಿಯರು ಬರಲಿ ಎಂದೆ. “ಅವರು ಬಂದಾಗ ಅವರ ಸಹಿ ಮಾಡ್ತಾರ. ನಂದು ನಾ ಮಾಡತೇನಿ.” ಪ್ರತಿಯೊಂದು ಪುಟವನ್ನೂ ಓದಿ, ಪ್ರತಿಯೊಂದು ಪುಟಕ್ಕೂ ಸಹಿ ಮಾಡಿದಳು. ಹೆಬ್ಬೆರಳು ನಡುಗಲಿಲ್ಲ. ಅಕ್ಷರ ಮೊದಲಿನಂತೆಯೇ ದುಂಡಗೆ ಬಂತು.

ಶೈಲಾ ಕುಂಕುಮದ ತಟ್ಟೆ ತಂದಳು. ನಾನು ತೆಂಗಿನಕಾಯಿ, ಖಣ, ಜೋಳ ತೆಗೆದೆ. ಅಕ್ಕ ಸೆರಗು ಒಡ್ಡಲಿಲ್ಲ. ಅದನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

“ಉಡಿ ಬ್ಯಾಡ.”

“ಅಕ್ಕಾ!”

“ಸಹಿ ಬೇಕಿತ್ತು ನಿನಗ, ಕೊಟ್ಟೆ. ಆಫೀಸಿಗೆ ಯಾವತ್ತ ಬರಬೇಕು ಹೇಳು, ಬಂದು ನಿಂದರತೇನಿ. ನಿನಗ ತಿಳದಂಗ ಮಾಡು.”

ಅದು ಸೋಮಣ್ಣನ ಮಾತು. ಅವಳು ಅದನ್ನು ಬೇಕೆಂದೇ ಅಂದಳೋ, ಸಹಜವಾಗಿ ಬಂತೋ ನಾನು ಇಂದಿಗೂ ಕೇಳಿಲ್ಲ. ಮುತ್ತೈದೆಯಾದ ಅಕ್ಕ ತಮ್ಮ ತಂದ ಉಡಿಯನ್ನು ಬೇಡವೆಂದದ್ದನ್ನು ನಮ್ಮ ಮನೆತನದಲ್ಲಿ ಯಾರೂ ಕೇಳಿದ್ದಿಲ್ಲ. ಸವದತ್ತಿಯ ಬಸ್ಸಿನಲ್ಲಿ ಆ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಪಕ್ಕದವರು, “ಊರಿಗೆ ಉಡಿ ತುಂಬಾಕ ಹೊಂಟೀರೇನ್ರಿ?” ಎಂದು ಸಂತೋಷದಿಂದ ಕೇಳಿದರು. ಹೌದೆಂದೆ.

ಆ ಕಾಗದ ನೋಂದಣಿಯಾಗಲು ಅಕ್ಕ ಅಧಿಕಾರಿಯ ಎದುರು ಬಂದು ನಿಲ್ಲಬೇಕು. ಒಂದು ಫೋನು ಮಾಡಿದ್ದರೆ ಬಂದು ನಿಲ್ಲುತ್ತಿದ್ದಳು. ನಾನು ಮಾಡಲಿಲ್ಲ. ಯಾವ ಪತ್ರವನ್ನೂ ಮೇಜಿನ ಮೇಲೆ ಉಳಿಸಿಕೊಂಡು ಮನೆಗೆ ಹೋಗದವನು, ಅದನ್ನು ಹನ್ನೊಂದು ತಿಂಗಳು ಕಪಾಟಿನಲ್ಲಿ ಇಟ್ಟುಕೊಂಡೆ. ಅಷ್ಟು ದಿನ ಅಕ್ಕನ ಮನೆಗೂ ಹೋಗಲಿಲ್ಲ.

ಕಳೆದ ವಾರ ಆ ಅಂಗಡಿಯ ಮುಂದಿನಿಂದ ಬಸ್ ನಿಲ್ದಾಣಕ್ಕೆ ಹೊರಟವನು ಅಕ್ಕನ ಓಣಿಯಲ್ಲಿದ್ದೆ. ಕೈಯಲ್ಲಿ ಏನೂ ಇರಲಿಲ್ಲ. ಅಕ್ಕ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದಳು. ಹೆಬ್ಬೆರಳು ಚೆನ್ನಾಗಿಯೇ ಒತ್ತುತ್ತಿತ್ತು.

“ಅಕ್ಕಾ, ಆ ಕಾಗದ ಆಫೀಸಿಗೆ ಕೊಟ್ಟಿಲ್ಲ. ಇಬ್ಬರ ಹೆಸರೂ ಹಚ್ಚಿ ಅರ್ಜಿ ಬರೀತೇನಿ.”

“ಹೊಲ ತಗೊಂಡು ನಾ ಏನ ಮಾಡ್ಲೋ? ಕುರಪಿ ಹಿಡದು ಕಳೆ ತಗೀಲೇನು?” ಅವಳು ಬುಟ್ಟಿಯಿಂದ ತಲೆ ಎತ್ತಲಿಲ್ಲ. “ಅವತ್ತ ನಾ ಬ್ಯಾಡ ಅಂದಿದ್ನೇನು? ಒಂದ ಮಾತ ಕೇಳಬೇಕಿತ್ತು, ಅಕ್ಕಾ ನಿನ್ನ ಮನಸಿನ್ಯಾಗ ಏನೈತಿ ಅಂತ. ನೀ ಬರೀ ಬೆರಳ ನೋಡಿ ಹೋದಿ, ವಾರಾವಾರಾ.”

ಅವಳಿಗೆ ಅದು ಗೊತ್ತಿತ್ತು. ಪ್ರತಿ ವಾರವೂ ಗೊತ್ತಿತ್ತು. ಕಟ್ಟೆಯ ಅಂಚು ಹಿಡಿದು ಕುಳಿತೆ.

“ಈಗ ಕೇಳತೇನಿ” ಎಂದೆ.

“ಈಗ ಶೇಂಗಾ ಸುಲಿ.”

ಸುಲಿದೆ. ಇಬ್ಬರೂ ಸೇರಿ ಬುಟ್ಟಿ ಮುಗಿಸಿದೆವು. ಏಳುವಾಗ ಉಡಿಯ ಮಾತು ತೆಗೆಯಲು ಹೋದೆ. ಅವಳು ಸಿಪ್ಪೆ ಜಾಡಿಸುತ್ತ, “ಪಂಚಮಿಗೆ ಕರಿಯಾಕ ಬಾ. ಫೋನ ಮಾಡಬ್ಯಾಡ, ಬಾ. ನಾ ಬಂದ್ರ ಬಂದೆ, ಇಲ್ಲಂದ್ರ ಇಲ್ಲ” ಎಂದಳು.

ಹೆಣ್ಣುಮಕ್ಕಳನ್ನು ತವರಿಗೆ ಕರೆತರುವ ನಾಗರ ಪಂಚಮಿಗೆ ಇನ್ನು ಹದಿನೆಂಟು ದಿನಗಳಿವೆ. ಹಕ್ಕು ಬಿಡುಗಡೆ ಪತ್ರವನ್ನು ಹರಿದಿರುತ್ತೇನೆ. ಹೊಸ ಅರ್ಜಿಯಲ್ಲಿ ಅಕ್ಕನ ಹೆಸರನ್ನು ಮೊದಲು ಬರೆದಿದ್ದೇನೆ, ಆದರೆ ಸಲ್ಲಿಸಿಲ್ಲ. ನಾನು ಕೇಳಿದ್ದಕ್ಕೆ ಅವಳು ಇನ್ನೂ ಉತ್ತರ ಕೊಟ್ಟಿಲ್ಲ. ಅದು ಬರುವವರೆಗೆ ಕಾಯುವುದೆಂದು ತೀರ್ಮಾನಿಸಲಾಗಿದೆ.

ಈ ಬರಹದಲ್ಲಿ ನನ್ನ ಕಾಗುಣಿತ, ವಾಕ್ಯರಚನೆಗಳಲ್ಲಿ ಕಂಡುಬರುವ ತಪ್ಪುಗಳನ್ನು ಓದುಗರು ಸಂಕೋಚವಿಲ್ಲದೆ ಕೆಂಪು ಶಾಯಿಯಲ್ಲಿ ತಿದ್ದಿ ತಿಳಿಸಬೇಕಾಗಿ ಪ್ರಾರ್ಥಿಸುತ್ತೇನೆ. ಅಕ್ಕನ ಮಾತುಗಳನ್ನು ಮಾತ್ರ ಅವಳು ಆಡಿದಂತೆಯೇ ಬರೆದಿದ್ದೇನೆ. ಅವುಗಳಿಗೆ ಕೈ ಹಚ್ಚಬಾರದಾಗಿ ವಿನಂತಿ.