ಪಾಠದೊಳಗಿನ ಯಂಕೋಬ

ಭಾರತಿಗೆ ಕೋಪ ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಇದು ಗೊತ್ತಿಲ್ಲದವರು ಅವಳು ಸೋತಳೆಂದು ತಿಳಿದು ಮೋಸ ಹೋಗಿದ್ದಾರೆ. ಲಿಂಗಸುಗೂರಿನಿಂದ ಮಸ್ಕಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಅವಳು ಪಂಚಾಯ್ತಿ ಗ್ರಂಥಾಲಯ ನೋಡಿಕೊಳ್ಳುತ್ತಾಳೆ. ಊರಿನ ಹೆಸರು ಬೇಡ. ಇಂಥ ಕಥೆಯಲ್ಲಿ ತನ್ನ ಹೆಸರು ಬರುವುದು ಯಾವ ಊರಿಗೂ ಇಷ್ಟವಿಲ್ಲ. ಮದುವೆಯಾಗಿ ಹೋದದ್ದು ಗುರುಗುಂಟಾಕ್ಕೆ, ಕೆಲಸ ಸಿಕ್ಕಿದ್ದು ಈ ತವರೂರಲ್ಲಿ. ದಿನವೂ ಸ್ಕೂಟಿ ಹತ್ತಿ ಬರುತ್ತಾಳೆ.

ಅವಳ ಅಪ್ಪ ಯಂಕೋಬ ಸಾವಿನ ಸುದ್ದಿ ಒಯ್ಯುತ್ತಿದ್ದ. ಊರಲ್ಲಿ ಯಾರೇ ಸತ್ತರೂ ಪರವೂರಿನ ಬೀಗರಿಗೆ ತಿಳಿಸುವುದು ಅವರ ಕೇರಿಗೆ ಅಂಟಿದ ಚಾಕರಿ. ಹೋಗಿ ಬಾಗಿಲಾಚೆ ನಿಲ್ಲಬೇಕು, ಕೂಗಿ ಹೇಳಬೇಕು, ಮಣ್ಣಿಗೆ ಬರುತ್ತಾರೋ ಇಲ್ಲವೋ ಕೇಳಿಕೊಂಡು ತಿರುಗಬೇಕು. ಊರ ಗೌಡರ ಮನೆಯ ಹನುಮಂತರಾಯನ ತಂದೆ ತೀರಿಕೊಂಡಾಗ ಯಂಕೋಬ ಮುಕ್ಕುಂದಕ್ಕೆ ಹೋಗಿದ್ದ. ಆ ಮನೆಯ ಮಗಳನ್ನು ಅಲ್ಲಿಗೆ ಕೊಟ್ಟಿದ್ದರು. ಸಂಜೆ ಬರಿಗೈಯಲ್ಲಿ ಬಂದು, “ಹೇಳೀನ್ರೀ, ಯಾರೂ ಏನೂ ಅನ್ನಲಿಲ್ಲ” ಎಂದ. ಆಗಿನ್ನೂ ಚಿಗುರುಮೀಸೆಯ ಹನುಮಂತರಾಯ, “ಮಸ್ಕ್ಯಾಗ ಕುಡುದು ಬಿದ್ದು ಬಂದಾನ, ಹೋಗೇ ಇಲ್ಲ” ಎಂದು ನಾಲ್ಕು ಜನರೆದುರು ಕಪಾಳಕ್ಕೆ ಹೊಡೆದ. ಮಗಳಿಲ್ಲದೆಯೇ ಮಣ್ಣಾಯಿತು. ಆಮೇಲೆ ಕೇಳಿದರೆ ಬೀಗರೂ “ಯಾರೂ ಬಂದಿಲ್ಲ” ಎಂದುಬಿಟ್ಟರು. ಅಂದಿನಿಂದ ಊರ ಬಾಯಲ್ಲಿ ಅವನು ‘ಹೋಗದ ಯಂಕೋಬ’. ಸಾಯುವಾಗಲೂ ಅವನು ಮಗಳ ಕೈ ಹಿಡಿದು, “ನಾ ಹೋಗಿದ್ನವ್ವಾ” ಎಂದೇ ಹೇಳಿದ. ಆ ಮಾತನ್ನು ಊರ ಕಿವಿಗೆ ಹಾಕದೆ ಬಿಡುವುದಿಲ್ಲವೆಂದು ಭಾರತಿ ಅಂದೇ ಹಲ್ಲು ಕಚ್ಚಿದಳು.

ಈ ವರ್ಷ ಗ್ರಂಥಾಲಯಕ್ಕೆ ವೈಫೈ ಬಂತು. ಹೆಂಗಸರಿಗೆ ಸಂಜೆ ಇಂಟರ್ನೆಟ್ ಕಲಿಸು ಎಂದು ಪಂಚಾಯ್ತಿಯವರೇ ಹೇಳಿದರು. ಕೊಟ್ಟ ಪುಸ್ತಕದಲ್ಲಿ ಉದಾಹರಣೆಗೆ ಅಂಚೆಯವನ ಚಿತ್ರವಿತ್ತು. ಭಾರತಿ ಪುಸ್ತಕ ಮುಚ್ಚಿ, ಅವನ ಬದಲಿಗೆ ತೀರಿಹೋದ ಅಪ್ಪನನ್ನು ಪಾಠಕ್ಕೆ ಕರೆತಂದಳು.

“ನೀವು ಒಂದು ಫೋಟೋ ಕಳಿಸ್ತೀರಿ. ಅದು ಇಡಿಯಾಗಿ ಹೋಗಂಗಿಲ್ಲ, ಸಣ್ಣ ಸಣ್ಣ ತುಂಡಾಗಿ ಹೋಕ್ಕೈತಿ. ಒಂದೊಂದು ತುಂಡಿಗೆ ಪ್ಯಾಕೆಟ್ ಅಂತಾರ. ಎಲ್ಲಿಗೆ ಹೋಗಬೇಕನ್ನೋ ನಂಬರ್ ಅದರ ಮ್ಯಾಲ ಇರತೈತಿ, ಅದು ಐಪಿ ವಿಳಾಸ. ನಮ್ಮಪ್ಪ ಸಾವಿನ ಸುದ್ದಿ ಒಯ್ಯುವಾಗ ಮಸ್ಕ್ಯಾಗ ದಾರಿ ಕೇಳಿದ್ರ ಸಿಂಧನೂರಿನ ತನಕ ಹೇಳತಿದ್ರು, ಸಿಂಧನೂರಾಗ ಕೇಳಿದ್ರ ಮುಂದಿಂದು. ಹಂಗ ಮುಂದಿನ ದಾರಿ ತೋರಿಸೋ ಪೆಟ್ಟಿಗಿನೇ ರೂಟರ್.”

“ಮತ್ತ ವೈಫೈ ಅಂದ್ರ ಇಂಟರ್ನೆಟ್ ಅಲ್ಲೇನು?” ಲಾಲ್‌ಬೀ ಕೇಳಿದಳು. ಅವಳು ನಾಟಿಗೆಂದು ವಳಕಮದಿನ್ನಿಗೆ ಹೋಗಿಬರುವ ಹೆಂಗಸು. ತಿಳಿಯದ್ದನ್ನು ಕೇಳಲು ಅವಳಿಗೆ ನಾಚಿಕೆಯಿಲ್ಲ.

“ಅಲ್ಲ. ನಿನ್ನ ಮೊಬೈಲ್‌ನಿಂದ ಈ ಪೆಟ್ಟಿಗಿ ತನಕ ಇರೋ ಓಣಿ ವೈಫೈ. ಅದರಾಚಿಗಿನ ದಾರಿ ಎಲ್ಲಾ ಕೂಡಿ ಇಂಟರ್ನೆಟ್. ಮುಂದ ದಾರಿ ಕಟ್ಟಾದ್ರ ಇಲ್ಲಿ ವೈಫೈ ಗುರ್ತು ಪೂರಾ ಕಂಡ್ರೂ ಏನೂ ಬರಂಗಿಲ್ಲ.”

“ನೆಟ್ ಒಮ್ಮೊಮ್ಮೆ ಯಾಕ ತೆವಳತೈತಿ?”

“ನಿಮ್ಮ ವಳಕಮದಿನ್ನಿ ಕಾಲುವಿ ಅಗಲ ಎಷ್ಟೈತೋ ನೀರು ಅಷ್ಟ. ಎಲ್ಲರೂ ಒಮ್ಮೆಗೇ ತೂಬು ತೆಗದ್ರ ಒಬ್ಬೊಬ್ಬರಿಗೆ ಎಷ್ಟು ಬಂದೀತು? ಇಲ್ಲಿ ಆ ಅಗಲಕ್ಕ ಬ್ಯಾಂಡ್‌ವಿಡ್ತ್ ಅಂತಾರ.” ಸ್ವಲ್ಪ ತಡೆದು ಭಾರತಿ ಇನ್ನೊಂದು ಮಾತು ಸೇರಿಸಿದಳು: “ಒಂದು ನೆನಪಿಡ್ರಿ. ಐಪಿ ವಿಳಾಸದಾಗ ಕೇರಿ ಹೆಸರು ಇರಂಗಿಲ್ಲ.”

ಕೆಲವರು ನಕ್ಕರು, ಕೆಲವರು ಸೆರಗು ಸರಿಮಾಡಿಕೊಂಡರು. ಸತ್ತವರು ಯಾರು, ಹೊಡೆದವರು ಯಾರು ಎಂದು ಭಾರತಿ ಅಂದು ಬಾಯಿಬಿಟ್ಟಿರಲಿಲ್ಲ. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮರುದಿನ ಬೆಳಿಗ್ಗೆ ಹನುಮಂತರಾಯ ಗ್ರಂಥಾಲಯದ ಬಾಗಿಲಲ್ಲಿ ನಿಂತಿದ್ದ. ಈಗವನು ಪಂಚಾಯ್ತಿಯಲ್ಲಿ ಮಾತು ನಡೆಯುವ ಮನುಷ್ಯ.

“ಇಂಟರ್ನೆಟ್ ಹೇಳು ಅಂದ್ರ ನಿಮ್ಮಪ್ಪನ ಪುರಾಣ ಯಾಕ ಹೇಳತಿ? ಪುಸ್ತಕದಾಗ ಅಂಚಿಯವನ ಉದಾಹರಣಿ ಐತಲ್ಲ?”

“ಅಂಚಿಯವ ಬಂದ್ರ ನಿಮ್ಮ ಪಡಸಾಲ್ಯಾಗ ಕುರ್ಚಿ ಹಾಕತಿದ್ರಿ, ಗೌಡ್ರೇ. ಹೊರಗ ನಿಂತು ಹೇಳಿ ಏಟು ತಿಂದವ ನಮ್ಮಪ್ಪ. ನಾ ಅವನ್ನ ಹೇಳತೀನಿ.”

“ಹಂಗಾದ್ರ ನಾಳಿಂದ ಇಲ್ಲಿ ವೈಫೈ ಇರಂಗಿಲ್ಲ.”

ಭಾರತಿಯ ದನಿ ಇಳಿಯಿತು. “ಒಯ್ಯಿರಿ. ನನ್ನ ಕಡೆ ಸೀಮೆಸುಣ್ಣ ಐತಿ.”

ಪೆಟ್ಟಿಗೆ ನಿಜವಾಗಿಯೂ ಹೋಯಿತು. ಪಾಠಕ್ಕೆ ಹೆಂಗಸರನ್ನು ಕಳಿಸಬೇಡಿ ಎಂಬ ಮಾತೂ ಮನೆಮನೆಗೆ ಹೋಯಿತು. ಹಲವರು ಬರಲಿಲ್ಲ. ಲಾಲ್‌ಬೀ ಬಂದಳು, ಯಂಕಮ್ಮ ಬಂದಳು, ಅವರ ಹಿಂದೆ ಇನ್ನೊಂದಿಷ್ಟು ಜನ ಬಂದರು. ಯಾರೂ ನೆನೆಸದಂತೆ ಗಂಗಾದೇವಿಯೂ ಬಂದಳು. ಆಕೆ ಹನುಮಂತರಾಯನ ಅಕ್ಕ, ಮುಕ್ಕುಂದಕ್ಕೆ ಕೊಟ್ಟಿದ್ದ ಅದೇ ಮಗಳು. ಗಂಡ ತೀರಿಕೊಂಡ ಮೇಲೆ ಹೋದ ವರ್ಷವಷ್ಟೇ ತಮ್ಮನ ಮನೆಗೆ ಬಂದಿದ್ದಳು. ತಮ್ಮ ಬೇಡ ಅಂದದ್ದರಲ್ಲಿ ಏನೋ ಇದೆ ಎಂಬ ಗುಮಾನಿಯೇ ಆಕೆಯನ್ನು ಕರೆತಂದಿರಬೇಕು.

ಭಾರತಿ ನೆಲದ ಮೇಲೆ ಲಿಂಗಸುಗೂರು, ಮಸ್ಕಿ, ಸಿಂಧನೂರು, ಮುಕ್ಕುಂದ ಬರೆದಳು. ಲಾಲ್‌ಬೀ ಮಸ್ಕಿಯ ಮೇಲೆ ಕೂತಳು, ಯಂಕಮ್ಮ ಸಿಂಧನೂರಿನ ಮೇಲೆ. ಮುಕ್ಕುಂದದ ಮೇಲೆ ಗಂಗಾದೇವಿ ತಾನೇ ಹೋಗಿ ಕೂತಳು. ಇನ್ನು ಮುಚ್ಚಿಡುವುದೇನೂ ಉಳಿದಿರಲಿಲ್ಲ. ಭಾರತಿ ಬಿಚ್ಚಿಯೇ ಹೇಳಿದಳು. “ಈ ಊರ ದೊಡ್ಡಗೌಡ್ರು ತೀರಿಕೊಂಡಿದ್ರು. ನಮ್ಮಪ್ಪ ಇದೇ ದಾರಿ ಹಿಡದು ಮುಕ್ಕುಂದಕ್ಕ ಹೋದ. ಆ ಮನ್ಯಾಗ ಅವತ್ತು ತೊಟ್ಟಿಲ ಶಾಸ್ತ್ರ. ಹೆಣ್ಮಕ್ಕಳು ಹಾಡಾಕತ್ತಿದ್ರಂತ. ಬಾಗಿಲಿಗೆ ಬಂದ ಹಿರ್ಯಾಕಿಗೆ ಸುದ್ದಿ ಹೇಳಿದ. ಆಕಿ ಮಾತಿಲ್ಲದ ಒಳಗ ಹೋಗಿ ಬಾಗಿಲ ಹಾಕಿಕೊಂಡ್ಲು. ಚಪ್ಪಲಿ ಕೈಯಾಗ ಹಿಡಕೊಂಡು ಬೇವಿನ ಗಿಡದ ಬುಡಕ ಹೊತ್ತು ನೆತ್ತಿಗೆ ಬರೋ ತನಕ ನಿಂತ. ಯಾರೂ ಹೊರಗ ಬರಲಿಲ್ಲ.”

ಭಾರತಿ ಮುಕ್ಕುಂದದಿಂದ ಹಿಂದಕ್ಕೆ ಸೀಮೆಸುಣ್ಣದ ಒಂದು ಗೆರೆ ಎಳೆದಳು.

“ಇಂಟರ್ನೆಟ್‌ನ್ಯಾಗ ಹಿಂಗ ಬಿಡಂಗಿಲ್ಲ,” ಭಾರತಿ ಮುಂದುವರಿಸಿದಳು. “ಪ್ಯಾಕೆಟ್ ಬಂದ್ರ, ಬಂತು ಅಂತ ಆ ಕಡಿಂದ ಒಂದು ಮಾತು ತಿರುಗಿ ಬರಬೇಕು. ಅದಕ್ಕ ಸ್ವೀಕೃತಿ ಅಂತಾರ. ನಮ್ಮಪ್ಪಗ ಆ ಒಂದು ಮಾತು ಸಿಗಲಿಲ್ಲ, ಅದಕ್ಕ ಸುಳ್ಳ ಅನಿಸಿಕೊಂಡು ಸತ್ತ.”

“ಕೆಂಪು ರುಮಾಲು ಇತ್ತೇನವ್ವಾ?” ಗಂಗಾದೇವಿ ಮುಂದೆ ಬಾಗಿ ಕೇಳಿದಳು.

“ಇತ್ರೀ ಅಮ್ಮಾ.”

“ನಾ ಕಿಟಕ್ಯಾಗಿಂದ ನೋಡೀನಿ. ಯಾರದು ಅಂತ ಅತ್ತಿನ ಕೇಳಿದೆ. ಕೂಲಿ ಕೇಳಾಕ ಬಂದಾನ, ಹಾಡು ಬಿಡಬ್ಯಾಡ ಅಂದ್ಲು. ಸೂತಕ ಅಂದ್ರ ತೊಟ್ಟಿಲು ನಿಲ್ಲತಿತ್ತಲ್ಲ!” ಆಕೆ ಎದೆಗೆ ಕೈ ಹಚ್ಚಿದಳು. “ಅಯ್ಯೋ, ನಮ್ಮಪ್ಪ ಹೋದ ದಿನ ನಾ ಹಾಡು ಹಾಡೀನಲ್ಲೋ ಶಿವನೇ!”

ಅಕ್ಕನನ್ನು ಮನೆಗೆ ಕರೆದೊಯ್ಯಲು ಬಂದ ಹನುಮಂತರಾಯ ಆಗಲೇ ಬಾಗಿಲಲ್ಲಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ. ಆದರೂ, “ಏಳಕ್ಕಾ, ಮನಿಗೆ ನಡಿ” ಎಂದ.

ಗಂಗಾದೇವಿ ಏಳಲಿಲ್ಲ. “ಅವ ಬಂದಿದ್ದನೋ ಹನುಮಂತ. ಬಂದು ಹೇಳಿದ್ದ. ನೀ ಹೊಡದದ್ದು ಖರೇ ಹೇಳಿದವನಿಗೆ.” ಓಣಿಯವರಿಗೂ ಕೇಳುವಷ್ಟು ಗಟ್ಟಿಯಾಗಿ ಆಕೆ ಅದನ್ನು ಇನ್ನೊಮ್ಮೆ ಹೇಳಿದಳು.

ಭಾರತಿಯ ಕಣ್ಣು ತುಂಬಿ ಬಂತು. ಒರೆಸಿಕೊಳ್ಳಲಿಲ್ಲ, ನೋಡುವವರು ನೋಡಲಿ ಎಂದು ಹಾಗೇ ನಿಂತಳು.

ಹನುಮಂತರಾಯ ಹೊಸ್ತಿಲು ನೋಡುತ್ತ, “ಆತಲ್ಲ, ಎಲ್ಲಾ ಗೊತ್ತಾತು. ಪೆಟ್ಟಿಗಿ ತಂದು ಹಚ್ಚಸ್ತೀನಿ. ಇನ್ನರೆ ಆ ಮಾತು ಬಿಡು” ಎಂದ.

“ಪೆಟ್ಟಿಗಿ ಊರಿಂದು, ನೀವು ತಂದು ಹಚ್ಚಲೇಬೇಕು,” ಭಾರತಿಯ ದನಿ ಈಗ ಪಿಸುಮಾತಿನಷ್ಟು ಇಳಿದಿತ್ತು. “ಮುಕ್ಕುಂದದ ಉತ್ತರ ಇವತ್ತು ಬಂತು. ನಿಮ್ಮದು ಇನ್ನೂ ಬಂದಿಲ್ಲ, ಗೌಡ್ರೇ.”

ಆಮೇಲೆ ಅವಳು ಅವನಿಗೆ ಬೆನ್ನು ಹಾಕಿ ಹೆಂಗಸರ ಕಡೆ ತಿರುಗಿದಳು.

“ಬರಕೊಳ್ರಿ. ಉತ್ತರ ಬರಲಿಲ್ಲ ಅಂದ್ರ ಕಳಿಸಿದವರು ಸುಮ್ಮನ ಕೂಡಂಗಿಲ್ಲ. ಅದನ್ನ ಮತ್ತ ಕಳಿಸ್ತಾರ. ನಾಳೆನೂ ಇದ ಪಾಠ.”